ವಾಡಿ ಸ್ಟೇಷನ್ ಹೊರಗಿನ ಸುಸಲಾ ಅಂಗಡಿ

ಕಲಬುರಗಿ ಗಾಡಿ ಒಂದೂವರೆ ತಾಸು ಲೇಟ್. ಸುಮ್ನೆ ಕೂರುವ ಬದಲು ಈ ಬೋರ್ಡಿಲ್ಲದ ಅಂಗಡಿಗೆ ಬಂದೆ. ಸುಸಲಾ, ಅಂದರೆ ಮಂಡಕ್ಕಿ ಒಗ್ಗರಣೆ, ಬಿಸಿಬಿಸಿ, ಪುಟಾಣಿ ಹಿಟ್ಟು ಹದವಾಗಿತ್ತು. ಮಿರ್ಚಿ ಕಚ್ಚಿದರೆ ಕಣ್ಣಲ್ಲಿ ನೀರು. ಚಹಾಕ್ಕೆ ಮಾತ್ರ ಸಕ್ಕರೆ ಜಾಸ್ತಿ, ಪಾಕ ಕುಡಿದಂಗಿತ್ತು.

ಬೆಂಚಿನ ಮೇಲೆ ಕೂತರೆ ಗಾಡಿಗಳ ಸದ್ದು ಕೇಳುತ್ತದೆ. ಮುಂಬೈ ಕಡೆಯ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಲೈನು 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ಲೈನಿಗೆ ಕೂಡಿತು. ಹೈದರಾಬಾದ್ ಪಕ್ಕಕ್ಕೇ ಉಳಿಯಿತು! ಆಮೇಲೆ ನಿಜಾಮರ ದುಡ್ಡಿನಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿದರು. 1874ರಲ್ಲಿ ಗಾಡಿ ಓಡಿತು. ವಾಡಿ ಜಂಕ್ಷನ್ ಆಗಿದ್ದು ಹಾಗೆ.

ಅಂಗಡಿಯ ಅಜ್ಜನಿಗೆ ಇದನ್ನೆಲ್ಲ ಹೇಳಿದೆ.

"ಹೌದೇನ್ರಿ? ಇನ್ನೆರಡು ಮಿರ್ಚಿ ಹಾಕ್ಲೇನ್ರಿ?" ಅಂದರು.

ಹಾಕಿಸಿಕೊಂಡೆ.