ಮಕ್ಕಳ ಊಟದ ಡಬ್ಬಿ: ಪ್ಲಾಸ್ಟಿಕ್, ಸ್ಟೀಲು, ಬಿಸಿ ಡಬ್ಬಿ, ಬಾಳೆ ಎಲೆ

ಮೈಸೂರಿನ ನಮ್ಮ ಮನೆಯಿಂದ ಶಾಲೆಗೆ ಎರಡು ಊಟದ ಡಬ್ಬಿಗಳು ಹೋಗುತ್ತವೆ. ಒಂದು ಯುಕೆಜಿಯಲ್ಲಿರುವ ಮಗಳದು, ಇನ್ನೊಂದು ಮೂರನೆಯ ತರಗತಿಯ ಮಗನದು. ಬಿಸಾಡಬೇಕಾದ ಯಾವ ವಸ್ತುವೂ ಊಟದ ಚೀಲದಲ್ಲಿ ಇರಬಾರದು, ಹಾಕಿ ಕಳಿಸಿದ ಅನ್ನ ಹಾಗೆಯೇ ಮನೆಗೆ ಮರಳಬಾರದು ಎಂಬ ಎರಡು ನಿಯಮಗಳನ್ನು ಇಟ್ಟುಕೊಂಡು ಹಲವು ಬಗೆಯ ಡಬ್ಬಿಗಳನ್ನು ಬಳಸಿ ನೋಡಿದೆವು. ಮೊದಲನೆಯ ನಿಯಮವನ್ನು ಪಾಲಿಸುವುದು ಸುಲಭ, ಎರಡನೆಯದೇ ಕಷ್ಟ. ಡಬ್ಬಿ ಯಾವ ವಸ್ತುವಿನದು ಎನ್ನುವುದಕ್ಕಿಂತ, ಐದು ವರ್ಷದ ಮಗು ಅದನ್ನು ಯಾರ ನೆರವೂ ಇಲ್ಲದೆ ತೆರೆದು, ಊಟದ ಬಿಡುವು ಮುಗಿಯುವುದರೊಳಗೆ ಉಂಡು, ಮತ್ತೆ ಮುಚ್ಚಬಲ್ಲದೇ ಎಂಬುದೇ ದೊಡ್ಡದು ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ.

ಖಾನೆಗಳಿರುವ ಪ್ಲಾಸ್ಟಿಕ್ ಡಬ್ಬಿಯ ಅನುಕೂಲವನ್ನು ಅಲ್ಲಗಳೆಯುವಂತಿಲ್ಲ. ಅದು ಹಗುರ, ಪಕ್ಕದ ಕ್ಲಿಪ್ಪನ್ನು ಎತ್ತಿದರೆ ಸಾಕು, ಪುಟ್ಟ ಬೆರಳುಗಳಿಗೂ ಮುಚ್ಚಳ ಸಲೀಸಾಗಿ ಬಿಡುತ್ತದೆ. ತಳದ ತ್ರಿಕೋನದೊಳಗೆ 5 ಎಂಬ ಅಂಕೆ ಇದ್ದರೆ ಅದು ಪಾಲಿಪ್ರೊಪಿಲೀನ್ ಎಂದರ್ಥ; ಊಟದ ಡಬ್ಬಿಗೆ ಬಳಸುವ ಪ್ಲಾಸ್ಟಿಕ್‌ಗಳಲ್ಲಿ ಬಿಸಿಯನ್ನು ಚೆನ್ನಾಗಿ ತಾಳುವಂಥದು. ಆದರೆ ಚಿತ್ರಾನ್ನದ ಅರಿಶಿನ ಎಣ್ಣೆಯೊಡನೆ ಸೇರಿ ಅದರೊಳಕ್ಕೆ ಇಳಿದರೆ ಎಷ್ಟು ತಿಕ್ಕಿದರೂ ಹಳದಿ ಬಣ್ಣ ಹೋಗುವುದಿಲ್ಲ, ಒಗ್ಗರಣೆಯ ವಾಸನೆಯೂ ಉಳಿಯುತ್ತದೆ. ಕ್ಲಿಪ್ಪಿನ ಬುಡದ ತೆಳು ಮಡಿಕೆ ಮುರಿದ ದಿನ ಇಡೀ ಡಬ್ಬಿಯೇ ಕಸ. ಇದಕ್ಕಿಂತ ನನ್ನನ್ನು ಕಾಡಿದ್ದು ಖಾನೆಗಳ ಸಂಗತಿ: ಮೂರು ಖಾನೆಗಳಿದ್ದರೆ ಮೂರನ್ನೂ ತುಂಬಬೇಕೆಂದು ಹೆತ್ತವರ ಕೈಗೆ ಅನ್ನಿಸುತ್ತದೆ, ಮಗು ಮಾತ್ರ ಎರಡನ್ನೇ ಮುಗಿಸುತ್ತದೆ.

ಸ್ಟೀಲಿನಲ್ಲಿ ಮೂರು ಬಗೆಗಳನ್ನು ನೋಡಿದೆವು: ಒತ್ತಿ ಮುಚ್ಚುವ ಹಳೆಯ ಕಾಲದ ಗುಂಡು ಡಬ್ಬಿ, ಕ್ಲಿಪ್ಪು ಮತ್ತು ಗ್ಯಾಸ್ಕೆಟ್ ಇರುವ ಚಪ್ಪಟೆ ಡಬ್ಬಿ, ಎರಡು ಅಂತಸ್ತಿನ ಪುಟ್ಟ ಕ್ಯಾರಿಯರ್. ಕೊಳ್ಳುವಾಗ 304 ದರ್ಜೆಯ ಸ್ಟೀಲನ್ನು ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಅದರಲ್ಲಿ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕ್ಕಲ್ ಇರುವುದರಿಂದ ನಿಂಬೆ, ಹುಣಸೆಯ ಹುಳಿಗೆ ಅದು ಬೇಗ ಜಗ್ಗುವುದಿಲ್ಲ. ಅಗ್ಗದ 202 ದರ್ಜೆಯಲ್ಲಿ ನಿಕ್ಕಲ್ ಕಡಿಮೆ, ಮ್ಯಾಂಗನೀಸ್ ಹೆಚ್ಚು. ಅಯಸ್ಕಾಂತ ಹಿಡಿದು ಪರೀಕ್ಷಿಸುವ ರೂಢಿ ಇಲ್ಲಿ ನೆರವಿಗೆ ಬಾರದು, ಏಕೆಂದರೆ ಈ ಎರಡೂ ದರ್ಜೆಗಳಿಗೆ ಅದು ಸಾಮಾನ್ಯವಾಗಿ ಅಂಟುವುದಿಲ್ಲ. ಪೆಟ್ಟಿಗೆಯ ಮೇಲೆ ಅಥವಾ ತಳದಲ್ಲಿ ದರ್ಜೆ ನಮೂದಾಗಿದೆಯೇ ಎಂದು ನೋಡುವುದೇ ಸರಿ.

ಗುಂಡು ಡಬ್ಬಿಯ ಮೇಲೆ ಮಕ್ಕಳ ದೂರು ಒಂದೇ, ಮುಚ್ಚಳ ಬಿಡುವುದಿಲ್ಲ ಎಂಬುದು. ಇದಕ್ಕೆ ಡಬ್ಬಿಗಿಂತ ನಮ್ಮ ಬೆಳಗಿನ ಅವಸರವೇ ಹೆಚ್ಚು ಹೊಣೆ. ಹೊಗೆಯಾಡುವ ಉಪ್ಪಿಟ್ಟನ್ನು ತುಂಬಿ ಒಡನೆಯೇ ಮುಚ್ಚಿದರೆ, ಒಳಗಿನ ಹಬೆ ತಣಿದು ನೀರಾದಂತೆ ಡಬ್ಬಿಯೊಳಗಿನ ಒತ್ತಡ ಇಳಿದು, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಹತ್ತು ನಿಮಿಷ ತಟ್ಟೆಯಲ್ಲಿ ಹರಡಿ, ಹಬೆ ಹೋದ ಮೇಲೆ ತುಂಬಿದರೆ ಅದೇ ಮುಚ್ಚಳ ಮಗುವಿನ ಕೈಗೆ ಬರುತ್ತದೆ, ಉಪ್ಪಿಟ್ಟು ಬೆವರಿ ಮುದ್ದೆಯಾಗುವುದೂ ತಪ್ಪುತ್ತದೆ. ಗ್ಯಾಸ್ಕೆಟ್ ಇರುವ ಚಪ್ಪಟೆ ಡಬ್ಬಿ ಸೋರುವುದಿಲ್ಲ, ನಿಜ. ಆದರೆ ಗ್ಯಾಸ್ಕೆಟ್ಟಿನ ಕೆಳಗಿನ ಕಾಲುವೆಯಲ್ಲಿ ನೀರು ನಿಂತು ಕಪ್ಪು ಬೂಷ್ಟು ಹಿಡಿಯುತ್ತದೆ, ಆದ್ದರಿಂದ ಅದನ್ನು ಬಿಡಿಸಿಯೇ ತೊಳೆದು ಒಣಗಿಸಬೇಕು. ಕ್ಯಾರಿಯರ್ ಮಗನಿಗೆ ಒಪ್ಪಿತು: ಕೆಳಗೆ ಅನ್ನ, ಮೇಲೆ ಪಲ್ಯ. ಮಗಳು ಕೊಂಡಿ ಬಿಡಿಸುವಾಗ ಮೇಲಿನ ಅಂತಸ್ತು ಓರೆಯಾಗಿ ಸಾರು ಚೆಲ್ಲುತ್ತಿದ್ದುದರಿಂದ ಅವಳಿಗೆ ಅದನ್ನು ಕೊಡುವುದನ್ನು ನಿಲ್ಲಿಸಿದೆವು.

ಬಿಸಿ ಡಬ್ಬಿಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಹೆಚ್ಚಿನ ತಂದೆ ತಾಯಂದಿರು ಮೊದಲು ಕೈ ಹಾಕುವುದು ಅದಕ್ಕೇ. ಸಾಮಾನ್ಯ ಬಿಸಿ ಡಬ್ಬಿಯೆಂದರೆ ಒಳಗೆ ಸ್ಟೀಲು, ಹೊರಗೆ ಪ್ಲಾಸ್ಟಿಕ್, ನಡುವೆ ಫೋಮು. ಎರಡು ಪದರದ ನಡುವಿನ ಗಾಳಿಯನ್ನು ತೆಗೆದ ಸ್ಟೀಲಿನ ಡಬ್ಬಿ ಇನ್ನೂ ದುಬಾರಿ. ಬೇಯಿಸಿದ ಆಹಾರವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅಥವಾ 5 ಡಿಗ್ರಿಗಿಂತ ಕೆಳಗೆ ಇಡಬೇಕೆಂಬುದು ಆಹಾರ ಸುರಕ್ಷತೆಯ ಸಾಮಾನ್ಯ ನಿಯಮ. ಬೆಳಿಗ್ಗೆ ಏಳೂವರೆಗೆ ಮುಚ್ಚಿ ಹನ್ನೆರಡೂವರೆಗೆ ತೆರೆಯುವ ಫೋಮಿನ ಡಬ್ಬಿಯಲ್ಲಿ ಅನ್ನ ಉಗುರುಬೆಚ್ಚಗಿರುತ್ತದೆ ಅಷ್ಟೆ. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಮೊಳೆತು ಬೆಳೆಯುವುದು ಇಂಥ ಬೆಚ್ಚಗಿನ ಅನ್ನದಲ್ಲೇ. ಆದ್ದರಿಂದ ಬಿಸಿ ಡಬ್ಬಿಗೆ ಮೊದಲು ಕುದಿಯುವ ನೀರು ಹಾಕಿ ಐದು ನಿಮಿಷ ಕಾಯಿಸಿ, ನೀರು ಚೆಲ್ಲಿ, ಒಲೆಯಿಂದ ಇಳಿಸಿದ ಬಿಸಿಬೇಳೆಬಾತನ್ನು ಅಂಚಿನವರೆಗೆ ತುಂಬಬೇಕು. ಅದು ಮಧ್ಯಾಹ್ನಕ್ಕೆ ಗಟ್ಟಿಯಾಗುವುದರಿಂದ ಮನೆಯಲ್ಲಿ ಬಡಿಸುವುದಕ್ಕಿಂತ ನೀರಾಗಿ ಮಾಡಿರಬೇಕು. ಅಂಚಿನವರೆಗೆ ತುಂಬಿದರೆ ಪುಟ್ಟ ಮಗುವಿಗೆ ಅದು ಹೆಚ್ಚಾಗುತ್ತದೆ, ಅರ್ಧ ತುಂಬಿದರೆ ಬೇಗ ಆರುತ್ತದೆ. ಇಡ್ಲಿಯಂತೂ ಇದರಲ್ಲಿ ಹಬೆಯ ನೀರಿಗೆ ನೆನೆದು ಹೋಗುತ್ತದೆ. ತೂಕವೂ ಸೇರಿ, ಮಗಳ ಪಾಲಿಗೆ ಬಿಸಿ ಡಬ್ಬಿ ಸೋತಿತು. ಜುಲೈ ತಿಂಗಳ ಜಡಿಮಳೆಯ ದಿನಗಳಲ್ಲಿ ಮಗ ಈಗಲೂ ಅದನ್ನೇ ಕೇಳುತ್ತಾನೆ, ಆ ದಿನಗಳಲ್ಲಿ ಕೊಡುತ್ತೇವೆ.

ತಣ್ಣಗಿನ ಡಬ್ಬಿಗೆ ಯಾವ ಅಡುಗೆ ಹೊಂದುತ್ತದೆ ಎಂಬುದು ನಮ್ಮ ಹಿರಿಯರಿಗೆ ತಿಳಿದ ವಿಷಯವೇ. ಪುಳಿಯೋಗರೆ, ನಿಂಬೆಹಣ್ಣಿನ ಚಿತ್ರಾನ್ನ, ಈರನಗೆರೆ ಬದನೆಯ ವಾಂಗಿಬಾತ್ ಆರಿದರೂ ರುಚಿ ಕೆಡುವುದಿಲ್ಲ. ಮೊಸರನ್ನಕ್ಕೆ ಮೊಸರಿನ ಬದಲು, ಆರಿದ ಅನ್ನಕ್ಕೆ ಹಾಲನ್ನು ಹಾಕಿ ಒಂದು ಚಮಚ ಮೊಸರು ಕಲಸಿದರೆ ಮಧ್ಯಾಹ್ನದ ಹೊತ್ತಿಗೆ ಹುಳಿಯಿಲ್ಲದೆ ಹೆಪ್ಪುಗಟ್ಟಿರುತ್ತದೆ.

ಸುತ್ತುವ ಸಾಮಗ್ರಿಗಳಲ್ಲಿ ಅಲ್ಯೂಮಿನಿಯಂ ಹಾಳೆಯನ್ನು ಬೇಗ ಬಿಟ್ಟೆವು. ಹುಳಿ ಮತ್ತು ಉಪ್ಪು ತಾಗಿದರೆ ಅದು ಸ್ವಲ್ಪ ಸ್ವಲ್ಪವಾಗಿ ಕರಗುತ್ತದೆ. ಪಲ್ಯ ಮೆತ್ತಿದ ಹಾಳೆಯನ್ನು ಹಸಿ ಕಸಕ್ಕೂ ಹಾಕುವಂತಿಲ್ಲ, ಒಣ ಕಸಕ್ಕೂ ಹಾಕುವಂತಿಲ್ಲ. ಚಪಾತಿಗೆ ಹಳೆಯ ಹತ್ತಿ ಪಂಚೆಯ ತುಂಡಿಗಿಂತ ಮಿಗಿಲಾದುದನ್ನು ನಾನು ಕಂಡಿಲ್ಲ. ಅದು ಹಬೆಯನ್ನು ಹೀರಿಕೊಂಡು ಚಪಾತಿಯನ್ನು ಮೆತ್ತಗಿಡುತ್ತದೆ, ಸಂಜೆ ಒಗೆದರೆ ಬೆಳಿಗ್ಗೆಗೆ ಸಿದ್ಧ. ದೇವರಾಜ ಮಾರುಕಟ್ಟೆಯಿಂದ ತಂದ ಬಾಳೆ ಎಲೆಯನ್ನು ಉರಿಯ ಮೇಲೆ ಬಾಡಿಸಿದರೆ ಮಡಿಸುವಾಗ ಸೀಳುವುದಿಲ್ಲ, ಅಕ್ಕಿರೊಟ್ಟಿಗೆ ಘಮವೂ ಬರುತ್ತದೆ. ಆದರೆ ಶಾಲೆಯ ಕಸದ ಬುಟ್ಟಿಯಲ್ಲಿ ಎಲ್ಲವೂ ಒಂದಾಗುವುದರಿಂದ ಎಲೆಯನ್ನು ಡಬ್ಬಿಯೊಳಗೇ ಮರಳಿ ತರಬೇಕೆಂದು ಹೇಳಬೇಕಾಯಿತು. ಮಗ ತಂದ, ಮಗಳು ತರಲಿಲ್ಲ. 2015 ಮತ್ತು 2016ರಲ್ಲಿ ಸ್ವಚ್ಛತೆಯಲ್ಲಿ ದೇಶಕ್ಕೇ ಮೊದಲು ಬಂದ ಊರಿನಲ್ಲಿ ಶಾಲೆಗಳಿಗೆ ಎರಡು ಬುಟ್ಟಿ ಇಡುವುದು ಅಷ್ಟೇನೂ ಕಷ್ಟವಾಗಬಾರದು.

ಸಣ್ಣ ಬಿಡುವಿಗೆ ಬೇರೆ ಡಬ್ಬಿಯೇ ಬೇಡ ಎನಿಸಿತು. ಏಲಕ್ಕಿ ಬಾಳೆಹಣ್ಣು ಮಗುವಿನ ಹಸಿವಿಗೆ ತಕ್ಕ ಗಾತ್ರದ್ದು, ಸಿಪ್ಪೆಯೇ ಅದರ ಹೊದಿಕೆ. ಪಕ್ಕದ ಬೀದಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಈ ಚಿಂತೆಗಳು ಯಾವುವೂ ಇಲ್ಲ ಎಂಬುದನ್ನೂ ಹೇಳಬೇಕು; 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ ನೇರವಾಗಿ ತಟ್ಟೆಗೆ ಬೀಳುತ್ತದೆ, ಮಗು ಕೇಳಿದಷ್ಟನ್ನೇ ಬಡಿಸಬಹುದು. ಕಸದ ಲೆಕ್ಕದಲ್ಲಿ ನಮ್ಮ ಯಾವ ಡಬ್ಬಿಯೂ ಅದಕ್ಕೆ ಸಾಟಿಯಲ್ಲ.

ಸದ್ಯಕ್ಕೆ ಮಗಳಿಗೆ ಗುಂಡು ಸ್ಟೀಲು ಡಬ್ಬಿ, ಮಗನಿಗೆ ಕ್ಯಾರಿಯರ್, ಇಬ್ಬರಿಗೂ ಬಟ್ಟೆಯ ತುಂಡು ಮತ್ತು ಸ್ಟೀಲು ಚಮಚ ನಿಗದಿಯಾಗಿವೆ. ಮಗಳ ಡಬ್ಬಿಯನ್ನು ಆರಿಸುವಾಗ, ಅವಳು ಮನೆಯಲ್ಲಿ ಉಣ್ಣುವ ಅನ್ನವನ್ನು ಅಳೆದು ಅಷ್ಟೇ ಹಿಡಿಸುವುದನ್ನು ಕೊಂಡೆವು. ಪ್ಲಾಸ್ಟಿಕ್ ಡಬ್ಬಿಗೆ ಅಂಟಿಸಿದ ಹೆಸರಿನ ಚೀಟಿ ತೊಳೆದಂತೆಲ್ಲ ಕಿತ್ತು ಬರುತ್ತದೆ. ಸ್ಟೀಲಿಗಾದರೆ ಪಾತ್ರೆ ಅಂಗಡಿಯವರೇ ಮಿಷನ್ ಹಿಡಿದು ಹೆಸರು ಕೊರೆದು ಕೊಡುತ್ತಾರೆ. ಡಬ್ಬಿಗೆ ಮಾತ್ರವಲ್ಲ, ಮುಚ್ಚಳಕ್ಕೂ ಚಮಚಕ್ಕೂ ಬೇರೆ ಬೇರೆಯಾಗಿ ಹೆಸರು ಹಾಕಿಸಿಕೊಳ್ಳಬೇಕು, ಏಕೆಂದರೆ ತರಗತಿಯಲ್ಲಿ ಅದಲುಬದಲಾಗುವುದು ಹೆಚ್ಚಾಗಿ ಮುಚ್ಚಳವೇ.