ಟ್ರೇಲರ್ ನೆಲ ಮೆತ್ತಗಾದಾಗ: ಮೂರು ದಾರಿ ಹಿಡಿದು ನೋಡಿದ್ದು

ನಾವಿರುವುದು ಅಮೆರಿಕದ ಮಿಷಿಗನ್‌ನಲ್ಲಿ. ಮಕ್ಕಳ ಜೊತೆ ಕ್ಯಾಂಪಿಂಗ್ ಹೋಗಲು 24 ಅಡಿಯ ಹಳೇ ಟ್ರಾವೆಲ್ ಟ್ರೇಲರ್ (ಗಾಡಿಗೆ ಕಟ್ಟಿ ಎಳೆಯುವ, ಚಕ್ರದ ಮೇಲಿನ ಪುಟ್ಟ ಮನೆ) ಕೊಂಡಿದ್ದೆವು. ಎರಡನೇ ಬೇಸಿಗೆಯಲ್ಲಿ ನೆಲ ಮೂರು ಕಡೆ ಸ್ಪಂಜಿನ ಹಾಗೆ ಕುಸಿಯತೊಡಗಿತು: ಬಾಗಿಲ ಹತ್ತಿರ, ಸಿಂಕ್ ಮುಂದೆ, ಟಾಯ್ಲೆಟ್ ಪಕ್ಕ.

ನಮ್ಮ ಟ್ರೇಲರ್ ನೆಲದಲ್ಲಿ ಮಧ್ಯೆ ಥರ್ಮಾಕೋಲ್, ಮೇಲೆ ಕೆಳಗೆ ತೆಳು ಪ್ಲೈವುಡ್. ಎಲ್ಲವನ್ನೂ ಹಿಡಿದಿರುವುದು ಅಂಟು. ಜಾಸ್ತಿ ಓಡಾಡುವ ಕಡೆ ಅಂಟು ಬಿಡುತ್ತದೆ. ನೀರು ಸೇರಿದರೆ ಮರವೇ ಕೊಳೆಯುತ್ತದೆ. ಕಾಲಿಗೆ ಎರಡೂ ಒಂದೇ ಥರ ಅನಿಸುತ್ತದೆ, ಆದರೆ ಮದ್ದು ಬೇರೆ. ಹಾಗಾಗಿ ಮೊದಲು ತೇವ ಅಳೆಯುವ ಮೀಟರ್ ತನ್ನಿ.

ಬಾಗಿಲ ಹತ್ತಿರ ಮೀಟರ್ ಶೇಕಡಾ 11 ತೇವ ತೋರಿಸಿತು. ಮರ ಒಣಗಿಯೇ ಇತ್ತು. ವಿನೈಲ್ ಎತ್ತಿ, ಎರಡೆರಡು ಇಂಚಿಗೆ ಸಣ್ಣ ತೂತು ಕೊರೆದು, ಸಿರಿಂಜಿನಿಂದ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು) ತುಂಬಿದೆ. ಮೇಲೆ ಪ್ಲಾಸ್ಟಿಕ್ ಹಾಳೆ, ಹಲಗೆ, ನೀರಿನ ಕ್ಯಾನುಗಳನ್ನು ಹೇರಿ ಒಂದು ದಿನ ಬಿಟ್ಟೆ. ಪಾಲಿಯೆಸ್ಟರ್ ರೆಸಿನ್ ಎಂಬ ಇನ್ನೊಂದು ಥರದ ಅಂಟು ಮಾತ್ರ ಬೇಡವೇ ಬೇಡ, ಅದು ಥರ್ಮಾಕೋಲನ್ನು ಕರಗಿಸಿಬಿಡುತ್ತದೆ. ಮೂರು ಬೇಸಿಗೆ ಕಳೆದರೂ ಆ ಜಾಗ ಗಟ್ಟಿಯಾಗಿದೆ.

ಸಿಂಕ್ ಮುಂದೆ ಅರ್ಧ ಇಂಚಿನ ಪ್ಲೈವುಡ್ ಹೊದಿಸಿ ಸ್ಕ್ರೂ ಹಾಕಿದೆ. ಅರ್ಧ ದಿನದ ಕೆಲಸ. ಮುಂದಿನ ವರ್ಷ ಅಂಚು ಮತ್ತೆ ಮೆತ್ತಗಾಯಿತು. ಸಿಂಕ್ ಪೈಪಿನ ಜಾಯಿಂಟಿನಿಂದ ನೀರು ಜಿನುಗುತ್ತಲೇ ಇತ್ತು, ಹೊಸ ಹಲಗೆ ಅದನ್ನು ಒಣಗಲು ಬಿಡಲಿಲ್ಲ. ಭಾರವೂ ಹೆಚ್ಚಿತು. ನೆಲದಲ್ಲಿ ಎದ್ದ ಮೆಟ್ಟಿಲಿಗೆ ಮಗಳು ಎಡವಿ ಬಿದ್ದಳು. ಈ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಟಾಯ್ಲೆಟ್ ಪಕ್ಕ ಮೀಟರ್ 28ಕ್ಕೆ ಏರಿತ್ತು, ಸ್ಕ್ರೂಡ್ರೈವರ್ ಚುಚ್ಚಿದರೆ ಸಲೀಸಾಗಿ ಒಳಗೆ ಹೋಗುತ್ತಿತ್ತು. ಇಂಥ ಲಡ್ಡು ಹಿಡಿದ ಮರಕ್ಕೆ ಎಪಾಕ್ಸಿ ತುಂಬಿ ಏನು ಪ್ರಯೋಜನ, ಅಲ್ವಾ? ಟಾಯ್ಲೆಟ್ ಕಳಚಿ, ಸೋರುತ್ತಿದ್ದ ಸೀಲ್ ಬದಲಿಸಿದೆ. ಕೆಳಗೆ ವೈರು, ಪೈಪು ಇರುತ್ತವೆ, ಅದಕ್ಕೇ ಗರಗಸದ ಆಳವನ್ನು ಹಲಗೆಯ ದಪ್ಪಕ್ಕೇ ಹೊಂದಿಸಿಕೊಂಡು ಗಟ್ಟಿ ಮರ ಸಿಗುವವರೆಗೂ ಕತ್ತರಿಸಿದೆ. ಒದ್ದೆ ಥರ್ಮಾಕೋಲ್ ತೆಗೆದು ಐದು ದಿನ ಫ್ಯಾನ್ ಹಾಕಿಟ್ಟೆ. ಮೀಟರ್ 14ಕ್ಕೆ ಇಳಿದ ಮೇಲೆ ಅಡ್ಡಪಟ್ಟಿ, ಹೊಸ ಥರ್ಮಾಕೋಲ್, ನೀರು ತಡೆಯುವ ಪ್ಲೈವುಡ್ ಕೂರಿಸಿದೆ. ಎರಡು ವಾರಾಂತ್ಯ ಹಿಡಿಯಿತು, ಬೆನ್ನು ನೋವೂ ಬಂತು. ಈಗ ಇಡೀ ಟ್ರೇಲರಿನಲ್ಲಿ ಅದಕ್ಕಿಂತ ಗಟ್ಟಿ ಜಾಗ ಇನ್ನೊಂದಿಲ್ಲ.

ಸಿಂಕ್ ಪೈಪು ರಿಪೇರಿ ಆಗಿದೆ. ಹಿಮ ಕರಗಿದ ಮೇಲೆ ಅಲ್ಲಿ ಹೊದಿಸಿದ ಹಲಗೆಯನ್ನೂ ಕಿತ್ತು, ಹೀಗೇ ಕತ್ತರಿಸಿ ಹಾಕುತ್ತೇನೆ.