ಕಡಿಮೆ ಓಡಿದ ಡೀಸೆಲ್ ಕಾರು ತಗೊಂಡು 4 ವರ್ಷ

ಕಾರು ನೋಡಲು ಹೋದಾಗ ನಾನು ಮೊದಲು ಬಗ್ಗಿ ನೋಡಿದ್ದು ಮೀಟರನ್ನು. 7 ವರ್ಷದ ಕಾರು, ಓಡಿದ್ದು ಬರೀ 41,000 ಕಿಲೋಮೀಟರ್. ಅದೇ ವಾರ ಅದೇ ಮಾಡೆಲಿನ ಇನ್ನೊಂದು ಕಾರನ್ನೂ ನೋಡಿದ್ದೆ. ಅದು 2 ವರ್ಷ ಹೊಸದು, ಆದರೆ 1,10,000 ಓಡಿತ್ತು. ಮಾಲೀಕರು ಕೆಲಸದ ಮೇಲೆ ಊರಿಂದ ಊರಿಗೆ ತಿರುಗುವವರು. ಸರ್ವಿಸ್ ಪುಸ್ತಕದಲ್ಲಿ ಒಂದು ಸೀಲೂ ತಪ್ಪಿರಲಿಲ್ಲ. ಕೇಳಿದ ಬೆಲೆಯೂ ಹೆಚ್ಚುಕಡಿಮೆ ಒಂದೇ. ನಾನು ಅದರ ಬಾಗಿಲು ಕೂಡ ತೆಗೆಯಲಿಲ್ಲ. ಲಕ್ಷ ದಾಟಿದ ಕಾರು ಯಾರಿಗೆ ಬೇಕು, ಅಲ್ವಾ?

ಈಗ 4 ವರ್ಷ ಆಯಿತು. ನನ್ನ ಮೀಟರ್ 78,000 ತೋರಿಸುತ್ತಿದೆ. ಆ ಲಕ್ಷ ದಾಟಿದ ಕಾರಿನ ನೆನಪು ವಾರಕ್ಕೊಮ್ಮೆಯಾದರೂ ಬರುತ್ತದೆ.

ಪವರ್ ಎಷ್ಟು, ಡಿಕ್ಕಿ ಎಷ್ಟು ದೊಡ್ಡದು ಅನ್ನೋದೆಲ್ಲ ಇಲ್ಲಿ ಬೇಡ. 1.6 ಲೀಟರ್ ಇಂಜಿನ್, ಮ್ಯಾನುವಲ್ ಗೇರ್, ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇದೆ, ಹೊಗೆ ಶುದ್ಧ ಮಾಡಲು ಕೆಲವು ಡೀಸೆಲ್ ಕಾರುಗಳಲ್ಲಿರುವ ಯೂರಿಯಾ ಟ್ಯಾಂಕ್ ಇಲ್ಲ. ಇಷ್ಟು ಸಾಕು.

ಸುಮ್ನೆ ಕಣ್ಣು ಮುಚ್ಚಿಕೊಂಡು ತಗೊಂಡೆ ಅಂದುಕೊಳ್ಳಬೇಡಿ. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು. ಬೆಚ್ಚಗಿದ್ದರೆ ನಾನು ಬರುವ ಮೊದಲೇ ಸ್ಟಾರ್ಟ್ ಮಾಡಿ ಇಟ್ಟಿದ್ದಾರೆ ಅಂತ ಅರ್ಥ. ಡೀಸೆಲ್ ಇಂಜಿನಿನ ಕಾಯಿಲೆ ತಿಳಿಯೋದು ತಣ್ಣಗಿರುವಾಗ ಸ್ಟಾರ್ಟ್ ಮಾಡಿದಾಗಲೇ. ಇಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು, ಒಳಗಿಂದ ಹೊಗೆ ಬುಸುಗುಡುತ್ತಾ ಅಂತ ನೋಡಿದೆ. ಇಲ್ಲ. ಆಫ್ ಮಾಡುವಾಗ ಕೆಳಗಿಂದ ಗಡಗಡ ಸದ್ದು ಬಂದರೆ ಫ್ಲೈವೀಲ್ ಸವೆದಿರುತ್ತೆ ಅಂತ ಓದಿದ್ದೆ. ಆ ಸದ್ದೂ ಇಲ್ಲ. ಕೊನೆಗೆ ಸೈಲೆನ್ಸರ್ ಪೈಪಿನೊಳಗೆ ಬೆರಳು ಹಾಕಿ ಉಜ್ಜಿದೆ. ಫಿಲ್ಟರನ್ನು ಯಾರಾದರೂ ಕಿತ್ತು ಹಾಕಿದ್ದರೆ ಬೆರಳು ಕಾಡಿಗೆ ಮೆತ್ತಿದ ಹಾಗೆ ಕಪ್ಪಾಗಬೇಕು. ನನ್ನ ಬೆರಳಿಗೆ ಒಂದಿಷ್ಟು ಧೂಳು ಬಂತು, ಅಷ್ಟೇ. ಫಿಲ್ಟರ್ ಇದೆ ಅಂತ ಖುಷಿಯಾಯಿತು. ಅದು ಯಾವ ಸ್ಥಿತಿಯಲ್ಲಿದೆ ಅಂತ ಕೇಳಬೇಕು ಅನ್ನೋದು ತಲೆಗೇ ಬರಲಿಲ್ಲ.

ಮೊದಲ ಆರು ತಿಂಗಳು ಹಬ್ಬ. ಹಿಂದೆ ಇದ್ದದ್ದು ಹಳೆಯ ಪೆಟ್ರೋಲ್ ಕಾರು, ಉಬ್ಬು ಬಂದರೆ ಗೇರ್ ಇಳಿಸು, ತಿರುವು ಬಂದರೆ ಗೇರ್ ಇಳಿಸು. ಇದು ಮೂರನೇ ಗೇರಿನಲ್ಲೇ, ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತಿದೆ ಅಂತ ತೋರಿಸುವ ಮುಳ್ಳು 2,000 ಮುಟ್ಟುವ ಮೊದಲೇ, ಹಿಂದಿನಿಂದ ಯಾರೋ ತಳ್ಳಿದ ಹಾಗೆ ಏರುತ್ತದೆ. ಬೆಳಿಗ್ಗೆ ಕೀ ತಿರುಗಿಸಿದರೆ ಸುರುಳಿಯಾಕಾರದ ಕಿತ್ತಳೆ ದೀಪ ಹತ್ತುತ್ತದೆ. ಇದರಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲವಲ್ಲ, ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿಯೇ ಡೀಸೆಲ್ ಹೊತ್ತಿಕೊಳ್ಳಬೇಕು. ತಣ್ಣಗಿರುವಾಗ ಗ್ಲೋ ಪ್ಲಗ್ ಒಂದು ಕ್ಷಣ ಒಳಗೆ ಕಾವು ಕೊಡುತ್ತದೆ. ದೀಪ ಆರುವವರೆಗೆ ಕಾಯುತ್ತೇನೆ. ಎರಡು ಸೆಕೆಂಡು ಇರಬಹುದು. ದಿನಪೂರ್ತಿ ನನಗೆ ಯಾರೂ ಏನೂ ಹೇಳದ ಎರಡು ಸೆಕೆಂಡು ಅದೊಂದೇ. ಆಮೇಲೆ ಆ ಕಟಕಟ ಸದ್ದು. ಕೆಲವರಿಗೆ ಅದು ಟ್ರ್ಯಾಕ್ಟರ್ ಸದ್ದು. ನನಗೆ ಇಷ್ಟ.

ಇನ್ನೊಂದು ಮಜಾ ಹೇಳ್ತೀನಿ. ಆಗ ಪ್ರತಿ ತಿಂಗಳು ಡಿಪ್‌ಸ್ಟಿಕ್ ತೆಗೆದು ಆಯಿಲ್ ನೋಡುತ್ತಿದ್ದೆ. ಒಂದು ಹನಿಯೂ ಇಳಿದಿರುತ್ತಿರಲಿಲ್ಲ. "ನನ್ನ ಕಾರು ಆಯಿಲ್ ಕುಡಿಯೋದೇ ಇಲ್ಲ" ಅಂತ ಆಫೀಸಿನಲ್ಲಿ ಹೇಳಿಕೊಂಡು ಓಡಾಡಿದೆ. ನಿಜ ಏನೆಂದರೆ ಆಯಿಲ್ ಏರುತ್ತಿತ್ತು. ಗೆರೆಯ ಮೇಲೆ ಕೂದಲೆಳೆಯಷ್ಟು, ಮುಂದಿನ ತಿಂಗಳು ಇನ್ನೊಂದು ಕೂದಲೆಳೆ. ಡಿಪ್‌ಸ್ಟಿಕ್ ಮೂಸಿ ನೋಡಿದ್ದರೆ ಡೀಸೆಲ್ ವಾಸನೆ ಬರುತ್ತಿತ್ತು. ಯಾರು ಮೂಸಿ ನೋಡುತ್ತಾರೆ?

ಏಳನೇ ತಿಂಗಳು ಒಂದು ಏರಿನಲ್ಲಿ ಕಾರಿನ ಉಸಿರು ನಿಂತ ಹಾಗಾಯಿತು. ನಿಲ್ಲಲಿಲ್ಲ, ಆದರೆ ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ತೆವಳುತ್ತದೆ. ಹಳದಿ ದೀಪ ಹತ್ತಿತು. ಹಿಂದೆ ಲಾರಿಯವರು ಹಾರ್ನ್ ಮೇಲೆ ಹಾರ್ನ್. ಎರಡನೇ ಗೇರಿನಲ್ಲಿ, ಹಜಾರ್ಡ್ ಲೈಟ್ ಹಾಕಿಕೊಂಡು, ಮುಖ ಸಣ್ಣಗೆ ಮಾಡಿಕೊಂಡು ಗ್ಯಾರೇಜ್ ಸೇರಿದೆ.

ಮೆಕ್ಯಾನಿಕ್ ಸ್ಟೀರಿಂಗ್ ಕೆಳಗೆ ಸ್ಕ್ಯಾನರ್ ಚುಚ್ಚಿದರು. ಸ್ವಲ್ಪ ಹೊತ್ತು ಪರದೆ ನೋಡಿ ಕೇಳಿದರು:

"ಆಫೀಸು ಎಷ್ಟು ದೂರ ಮೇಡಂ?"

"7 ಕಿಲೋಮೀಟರ್."

"ಬೇರೆ ಎಲ್ಲಿಗೆ ಓಡಿಸ್ತೀರಾ?"

"ಅಂಗಡಿ, ಅಮ್ಮನ ಮನೆ. ಅದೂ ಹತ್ತಿರವೇ."

"ತಗೊಂಡಾಗ ಎಷ್ಟು ಓಡಿತ್ತು?"

"41,000," ಅಂದೆ, ಸ್ವಲ್ಪ ಜಂಬದಿಂದಲೇ.

ಅವರು ನಕ್ಕರು. "7 ವರ್ಷಕ್ಕೆ 41,000 ಅಂದ್ರೆ, ಅವರೂ ನಿಮ್ಮ ಹಾಗೇ ಓಡಿಸಿದಾರೆ."

ಆಮೇಲೆ ಅವರು ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಡಿಪಿಎಫ್ ಅಂದರೆ ಜೇನುಗೂಡಿನ ಹಾಗೆ ಸಣ್ಣ ಸಣ್ಣ ಕೊಳವೆಗಳಿರುವ ಒಂದು ಸೆರಾಮಿಕ್ ಗಟ್ಟಿ. ಒಂದು ಕೊಳವೆಗೆ ಹಿಂದೆ ಬಿರಡೆ, ಪಕ್ಕದ್ದಕ್ಕೆ ಮುಂದೆ ಬಿರಡೆ. ಹೊಗೆ ಗೋಡೆಯ ಮೂಲಕವೇ ನುಸುಳಿ ಹೋಗಬೇಕು, ಮಸಿ ಗೋಡೆಗೆ ಅಂಟಿಕೊಳ್ಳುತ್ತದೆ. ತುಂಬುತ್ತಾ ಬಂದಾಗ ಕಾರು ತಾನೇ ಅದನ್ನು ಸುಡುತ್ತದೆ. ಇದಕ್ಕೆ ರಿಜೆನ್ ಅನ್ನುತ್ತಾರೆ. ಸಿಲಿಂಡರಿಗೆ ಬೇಕಂತಲೇ ತಡವಾಗಿ ಒಂದಿಷ್ಟು ಹೆಚ್ಚು ಡೀಸೆಲ್ ಚಿಮ್ಮಿಸಿ, ಫಿಲ್ಟರ್ ಒಳಗೆ 600 ಡಿಗ್ರಿಯಷ್ಟು ಬಿಸಿ ಏರಿಸುತ್ತದೆ. ಒಂದೇ ಸಮ ಓಡುತ್ತಿದ್ದರೆ 15ರಿಂದ 20 ನಿಮಿಷದ ಕೆಲಸ.

ನನಗೆ ಆಫೀಸು ತಲುಪಲು ಬೇಕಾಗಿದ್ದೂ 20 ನಿಮಿಷ. ಅದರಲ್ಲಿ ಅರ್ಧ ಸಿಗ್ನಲ್. ಡೀಸೆಲ್ ಇಂಜಿನ್ ಬಿಸಿಯನ್ನು ಕಡಿಮೆ ಪೋಲು ಮಾಡುತ್ತದೆ, ಮೈಲೇಜ್ ಬರೋದು ಅದಕ್ಕೇ. ಆದರೆ ಅದೇ ಕಾರಣಕ್ಕೆ ಕಾವು ಏರೋದೂ ನಿಧಾನ. ಇಂಜಿನ್ ಬಿಸಿಯಾಗಿ, ಸರಿ ಈಗ ಮಸಿ ಸುಡೋಣ ಅಂತ ಅದು ಶುರು ಮಾಡುವ ಹೊತ್ತಿಗೆ ನಾನು ಪಾರ್ಕ್ ಮಾಡಿ ಕೀ ಕಿತ್ತುಕೊಂಡಿರುತ್ತಿದ್ದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೀತು ಅನ್ನೋ ಹಾಗೆ. ಪ್ರತಿ ಸಲ ಅರ್ಧಕ್ಕೆ ನಿಲ್ಲಿಸಿದಾಗಲೂ, ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಕೆಳಗಿನ ಆಯಿಲಿಗೆ ಸೇರುತ್ತಿತ್ತು. ನನ್ನ ಹೆಮ್ಮೆಯ ಡಿಪ್‌ಸ್ಟಿಕ್ ಕಥೆ ಇದು.

ಕಾರು ನನಗೆ ಹೇಳುತ್ತಲೇ ಇತ್ತು, ನಾನು ಕೇಳಿಸಿಕೊಂಡಿರಲಿಲ್ಲ ಅಷ್ಟೇ. ಕೆಲವು ದಿನ ನಿಂತಾಗ ಐಡ್ಲಿಂಗ್ 800ರ ಬದಲು 1,000ದ ಹತ್ತಿರ ಇರುತ್ತಿತ್ತು. ಸಿಗ್ನಲಿನಲ್ಲಿ ತಾನೇ ಆಫ್ ಆಗಬೇಕಾದ ಇಂಜಿನ್ ಆಗುತ್ತಿರಲಿಲ್ಲ. ಪಾರ್ಕ್ ಮಾಡಿ ಇಳಿದು ಹತ್ತು ಹೆಜ್ಜೆ ಹೋದ ಮೇಲೂ ಬಾನೆಟ್ ಒಳಗೆ ಫ್ಯಾನ್ ಭರ್‍ರೆಂದು ಓಡುತ್ತಿರುತ್ತಿತ್ತು, ಕಾದ ಕಬ್ಬಿಣದ ವಾಸನೆ. ನಾನು ಸೆಖೆಗೆ ಅಂದುಕೊಂಡಿದ್ದೆ.

ಸ್ಕ್ಯಾನರಿನಿಂದಲೇ ಬಲವಂತವಾಗಿ ಒಂದು ರಿಜೆನ್ ಮಾಡಿಸಿದರು. ಮಸಿ ಸುಟ್ಟಿತು, ಆದರೂ ಫಿಲ್ಟರಿನ ಹಿಂದೆ ಮುಂದೆ ಒತ್ತಡದ ವ್ಯತ್ಯಾಸ ಇಳಿಯಲಿಲ್ಲ, ಅಂದರೆ ಒಳಗೆ ಇನ್ನೂ ಏನೋ ಕಟ್ಟಿಕೊಂಡಿದೆ. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಆ ಬೂದಿ ಬರೋದು ಇಂಜಿನ್ ಆಯಿಲಿನಲ್ಲಿ ಬೆರೆಸಿರುವ ರಾಸಾಯನಿಕಗಳಿಂದ. ಅದಕ್ಕೇ ಡಿಪಿಎಫ್ ಇರುವ ಕಾರಿಗೆ ಬೂದಿ ಕಡಿಮೆ ಬಿಡುವ ಆಯಿಲನ್ನೇ ಹಾಕಬೇಕು. ಹಿಂದಿನವರು ಏನು ಹಾಕಿದ್ದರೋ, ಪುಸ್ತಕದಲ್ಲಿ ಬರೀ "ಆಯಿಲ್ ಬದಲಿಸಿದೆ" ಅಂತಿದೆ. ಫಿಲ್ಟರ್ ಬಿಚ್ಚಿ, ಅದಕ್ಕೆಂದೇ ಇರುವ ಯಂತ್ರದಲ್ಲಿ ತೊಳೆಸಬೇಕಾಯಿತು. ಮೂರು ದಿನ ಕಾರಿಲ್ಲ. ಆಯಿಲ್ ಅವಧಿಗೆ ಮುಂಚೆಯೇ ಬದಲು. ಡೀಸೆಲಿಗೆ ಹೋಗಿ ಉಳಿಸುತ್ತಿದ್ದೀನಿ ಅಂತ ಲೆಕ್ಕ ಬರೆಯುತ್ತಿದ್ದ ಪುಸ್ತಕ ಒಂದಿತ್ತು. ಆ ಬಿಲ್ಲು ಬರೆದ ದಿನ ಅದನ್ನು ಮುಚ್ಚಿ ಇಟ್ಟೆ, ಮತ್ತೆ ತೆಗೆದಿಲ್ಲ.

ಬೇರೊಂದು ಗ್ಯಾರೇಜಿನಲ್ಲಿ ಇದಕ್ಕಿಂತ ಅಗ್ಗದ ದಾರಿಯನ್ನೂ ಹೇಳಿದರು. ಒಳಗಿನ ಗಟ್ಟಿಯನ್ನು ಕೊರೆದು ತೆಗೆದು, ಹೊರಗಿನ ಡಬ್ಬಿಯನ್ನು ಹಾಗೇ ಬೆಸುಗೆ ಹಾಕಿ, ಸಾಫ್ಟ್‌ವೇರಿಗೆ ಫಿಲ್ಟರ್ ಇಲ್ಲ ಅಂತ ಕಲಿಸಿಬಿಡೋದು. ಸುಮ್ನೆ ಹೇಳಬಾರದು, ಒಂದು ರಾತ್ರಿ ಯೋಚನೆ ಮಾಡಿದೆ. ಬೇಡ ಅನ್ನಿಸಿತು. ಎಷ್ಟೋ ದೇಶಗಳಲ್ಲಿ ಅದು ಕಾನೂನಿಗೆ ವಿರುದ್ಧ ಅನ್ನೋದು ಒಂದು. ನನ್ನ ಹಿಂದೆ ಸ್ಕೂಟರಿನಲ್ಲಿ ಮಗು ಕೂರಿಸಿಕೊಂಡು ಬರುವವರ ಮುಖಕ್ಕೆ ಆ ಮಸಿ ಬಿಡೋದು ಇನ್ನೊಂದು.

ಮಾರಿಬಿಡೋಣ ಅಂತಲೂ ಇದ್ದೆ. ಅಷ್ಟರಲ್ಲಿ ಮೆಕ್ಯಾನಿಕ್ ಹೇಳಿದ ಮದ್ದು ಶುರುವಾಯಿತು: ವಾರಕ್ಕೊಂದು ಸಲ ಅರ್ಧ ಗಂಟೆ ಹೈವೇ. ಐದನೇ ಗೇರ್ ಬೇಡ, ನಾಲ್ಕನೇ ಗೇರಿನಲ್ಲಿ ಮುಳ್ಳು 2,000 ದಾಟಿರಲಿ, ನಿಲ್ಲಿಸಬೇಡಿ. ಗಾಡಿಗೆ ಅಂತ ಗಾಡಿ ಓಡಿಸೋದು. ಡೀಸೆಲ್ ಉಳಿಸಲು ತಗೊಂಡ ಕಾರಿನಲ್ಲಿ ಡೀಸೆಲ್ ಸುಡಲು ಹೋಗೋದು! ಮೊದಲ ಎರಡು ಭಾನುವಾರ ಹಲ್ಲು ಕಡಿಯುತ್ತಲೇ ಹೋದೆ. ಮೂರನೇ ಭಾನುವಾರ ಅಮ್ಮನನ್ನು ಹತ್ತಿಸಿಕೊಂಡೆ.

"ಎಲ್ಲಿಗೇ ಹೋಗ್ತಿರೋದು?"

"ಎಲ್ಲಿಗೂ ಇಲ್ಲಮ್ಮ. ಮಸಿ ಸುಡೋಕೆ."

"ಸರಿ, ನಡಿ."

ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿದ ಕಡೆಯೇ ಪ್ಲಗ್ ಮಾಡುವ ಒಂದು ಪುಟ್ಟ ಬ್ಲೂಟೂತ್ ಡಬ್ಬಿ ತಗೊಂಡಿದ್ದೇನೆ. ಫೋನಿನಲ್ಲಿ ಮಸಿ ಎಷ್ಟು ಗ್ರಾಂ, ಹೊಗೆ ಎಷ್ಟು ಡಿಗ್ರಿ ಎಲ್ಲ ಕಾಣುತ್ತದೆ. ನನ್ನ ಕಾರಿನಲ್ಲಿ 22 ಗ್ರಾಂ ಆದಾಗ ರಿಜೆನ್ ಶುರು, 4ಕ್ಕೆ ಇಳಿದಾಗ ಮುಗಿಯಿತು. ಫೋನು ಅಮ್ಮನ ಕೈಯಲ್ಲಿ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಜ್ವರ ನೋಡುವವರ ಹಾಗೆ ಓದುತ್ತಾ ಹೋಗುತ್ತಾರೆ. "240. 310. ಏ, 500 ಆಯ್ತು. 580. 600 ದಾಟಿತು ನೋಡೇ." ಆಮೇಲೆ ಗ್ರಾಂ ಇಳಿಯಲು ಶುರು. 19, 15, 11. ಈ ಹೊತ್ತಿನಲ್ಲಿ ನಾನು ಬ್ರೇಕ್ ಒತ್ತಿದರೆ ಅಮ್ಮನಿಗೆ ಸಿಟ್ಟು. ಒಮ್ಮೆ 7ರಲ್ಲಿದ್ದಾಗ ನನ್ನ ತಂಗಿಯ ಫೋನು ಬಂದು ಪರದೆ ಹೋಯಿತು. "ಆಮೇಲೆ ಮಾಡು, ಇಲ್ಲಿ ಉರೀತಾ ಇದೆ" ಅಂದು ಇಟ್ಟೇಬಿಟ್ಟರು. ತಂಗಿ ಗಾಬರಿಯಾಗಿ ನನಗೆ ಮೂರು ಸಲ ಕಾಲ್ ಮಾಡಿದ್ದಳು.

ವಾಪಸ್ ಬಂದು ನಿಲ್ಲಿಸಿದ ಮೇಲೆ ಒಂದು ನಿಮಿಷ ಇಂಜಿನ್ ಓಡಲು ಬಿಡುತ್ತೇನೆ, ಟರ್ಬೋ ತಣಿಯಲಿ ಅಂತ. ಒಣ ಹುಲ್ಲಿನ ಮೇಲಂತೂ ನಿಲ್ಲಿಸುವುದಿಲ್ಲ. ರಿಜೆನ್ ಆದಾಗ ಕೆಳಗಿನ ಪೈಪು ಹುಲ್ಲಿಗೆ ಬೆಂಕಿ ಹಚ್ಚುವಷ್ಟು ಕಾದಿರುತ್ತದೆ ಅಂತ ಮ್ಯಾನುವಲ್ಲಿನಲ್ಲೇ ಬರೆದಿದೆ. ಮ್ಯಾನುವಲ್ ಓದಿದ್ದು ನಾನು ಎರಡನೇ ವರ್ಷ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಒಂದು ಗ್ಲೋ ಪ್ಲಗ್ ಹೋಗಿ, ಚಳಿಯಲ್ಲಿ ಸ್ಟಾರ್ಟ್ ಆದಾಗ ಕುಂಟಿ ಬಿಳಿ ಹೊಗೆ ಬಿಡುತ್ತಿತ್ತು, ನಾಲ್ಕನ್ನೂ ಬದಲಿಸಿದೆ. ಟೈಮಿಂಗ್ ಬೆಲ್ಟ್ ಹಾಕಿಸಿದೆ. ಕಿಲೋಮೀಟರ್ ಆಗಿರಲಿಲ್ಲ, ಆದರೆ ರಬ್ಬರಿಗೆ ವಯಸ್ಸೂ ಲೆಕ್ಕ. ಡೀಸೆಲ್ ಸೋಸುವ ಫಿಲ್ಟರಿನ (ಇದು ಡಿಪಿಎಫ್ ಅಲ್ಲ) ನೀರು ತೆಗೆಸುತ್ತಿರಿ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಿಗೆ ನೀರು ವಿಷ. ಬದಲಿಸಿದ ಮರುದಿನವೇ ಆಯಿಲ್ ಕಪ್ಪಾಗಿ ಕಂಡರೆ ಗಾಬರಿ ಬೇಡ, ಡೀಸೆಲ್ ಇಂಜಿನ್ನೇ ಹಾಗೆ. ಮೈಲೇಜ್ ನನಗೆ ಊರೊಳಗೆ ಲೀಟರಿಗೆ 13, ಹೈವೇಯಲ್ಲಿ 22. ತಂಗಿಯ ಮನೆ 320 ಕಿಲೋಮೀಟರ್ ದೂರ. ಹೋಗಿ ಬಂದರೂ ಟ್ಯಾಂಕಿನಲ್ಲಿ ಮೂರನೇ ಒಂದು ಭಾಗ ಉಳಿದಿರುತ್ತದೆ. ಆ ದಾರಿಯಲ್ಲಿ ಈ ಕಾರು ಬೇರೆಯದೇ ಕಾರು. ಒಂದು ದೀಪವಿಲ್ಲ, ಒಂದು ಗೊಣಗಾಟವಿಲ್ಲ, ನಾಲ್ಕು ಗಂಟೆ ಕೂತು ಇಳಿದರೂ ಸೊಂಟ ಹಿಡಿಯುವುದಿಲ್ಲ.

ನಿಮ್ಮ ದಿನದ ಓಡಾಟ ನನ್ನ ಹಾಗಿದ್ದರೆ ಪೆಟ್ರೋಲ್ ತಗೊಳ್ಳಿ. ಡೀಸೆಲ್ಲೇ ಬೇಕು ಅಂದರೆ ಮೀಟರ್ ನೋಡಿ ಮೂಗು ಮುರಿಯಬೇಡಿ, ಎಲ್ಲಿ ಓಡಿಸುತ್ತಿದ್ದಿರಿ ಅಂತ ಕೇಳಿ, ಸ್ಕ್ಯಾನರ್ ಹಾಕಿಸಿ ಫಿಲ್ಟರಿನ ಲೆಕ್ಕ ನೋಡಿ. ನನ್ನದಕ್ಕೆ 5ಕ್ಕೆ ಮೂರೂವರೆ ಕೊಡುತ್ತೇನೆ. ಎರಡನೇ ವರ್ಷ ಕೇಳಿದ್ದರೆ ಒಂದೂವರೆ ಅನ್ನುತ್ತಿದ್ದೆ. ಸದ್ಯಕ್ಕೆ ಮಾರುವ ಯೋಚನೆ ಇಲ್ಲ.

ಮೊನ್ನೆ ಭಾನುವಾರ ಅಮ್ಮ ಅವರಾಗಿಯೇ ಫೋನ್ ಮಾಡಿದರು.

"ಮಸಿ ಎಷ್ಟಾಗಿದೆ?"

"12 ಗ್ರಾಂ ಅಮ್ಮ. ಈ ವಾರ ಹೋಗೋದು ಬೇಕಾಗಿಲ್ಲ."

"ಆದ್ರೂ ಬಾ. ನಾನಾಗಲೇ ಚಪ್ಪಲಿ ಹಾಕ್ಕೊಂಡು ಕೂತಿದೀನಿ."